ಓಟಿಗೆ ಓಟು ವಜಾ ಆಯ್ತಂತೆ!

ಮಳೆಗಾಲ ಬಂತೆಂದರೆ ನಮ್ಮ ಹಕ್ಕಲಕೇರಿಯ ಮಕ್ಕಳಿಗೆ ಆಗಾಗ ರಜೆ. ಸರ್ಕಾರ ಕೊಟ್ಟ ರಜೆಯಲ್ಲ, ಹಳ್ಳ ಕೊಟ್ಟ ರಜೆ. ನಮ್ಮ ಕೇರಿ ಹಳ್ಳದ ಈಚೆ, ಶಾಲೆಯೂ ಬೇಗಾರಿಗೆ ಹೋಗುವ ಟಾರು ರಸ್ತೆಯೂ ಆಚೆ. ನಡುವೆ ಇರುವುದು ಮರದ ದಿಮ್ಮಿ ಹಾಕಿದ ಕಾಲುಸಂಕ. ಬೇಸಗೆಯಲ್ಲಿ ಅದರ ಮೇಲೆ ಕುಣಿದುಕೊಂಡು ಹೋಗಬಹುದು. ಆಷಾಢದಲ್ಲಿ ನೀರು ದಿಮ್ಮಿಯನ್ನು ಮುಟ್ಟಿಕೊಂಡೇ ಹರಿಯುತ್ತದೆ. ಹೋದ ಮಳೆಗಾಲದಲ್ಲಿ ಹೊನ್ನಕ್ಕನ ಮೊಮ್ಮಗಳು ಅಲ್ಲಿಂದ ಜಾರಿ ಬಿದ್ದಳು. ಕೊಡೆ ಹೋಯಿತು, ಪುಸ್ತಕದ ಚೀಲ ಹೋಯಿತು, ಮಗು ದಡದ ಬೇರು ಹಿಡಿದು ಉಳಿಯಿತು. “ಸಿಮೆಂಟಿನ ಸಂಕ ಆಗದಿದ್ರೆ ಬರೋ ಮಳೆಗಾಲಕ್ಕೆ ಕೂಸನ್ನ ಶಾಲೆ ಬಿಡಿಸೋದೇ ಸೈ” ಎಂದು ಹೊನ್ನಕ್ಕ ಎಲ್ಲರ ಎದುರು ಹೇಳಿಬಿಟ್ಟಿದ್ದಳು.

ಅಷ್ಟರಲ್ಲಿ ಲೋಕಸಭಾ ಚುನಾವಣೆ ಬಂತು ನೋಡಿ! ಕೇರಿಗೆ ಕೇರಿಯೇ ಕಾದ ಎಣ್ಣೆಗೆ ಸಾಸಿವೆ ಬಿದ್ದಂತಾಯಿತು.

ಒಂದು ದಿನ ನಮ್ಮ ಮನೆಯಲ್ಲಿ ಹಲಸಿನಕಾಯಿ ಹಪ್ಪಳ. ಹಪ್ಪಳವನ್ನು ನಾವು ಒಬ್ಬೊಬ್ಬರೇ ಮಾಡುವುದಿಲ್ಲ. ಇವತ್ತು ನೀವು ನಮ್ಮ ಮನೆಗೆ ಬಂದು ಒತ್ತಿಕೊಡಿ, ನಾಳೆ ನಾವು ನಿಮ್ಮ ಮನೆಗೆ ಬರುತ್ತೇವೆ. ಗದ್ದೆ ನಾಟಿಗೂ ಹೀಗೆಯೇ. ಇದಕ್ಕೆ ಮುಯ್ಯಾಳು ಎನ್ನುತ್ತೇವೆ. ಕೂಲಿ ಇಲ್ಲ, ದಿನಕ್ಕೆ ದಿನ ಮುಯ್ಯಿ. ಹೊನ್ನಕ್ಕನಿಗೂ ಪಕ್ಕದ ಮನೆಯ ಜಲಜಾಕ್ಷಿಗೂ ಮದುವೆಯಾಗಿ ಬಂದಾಗಿನಿಂದ ಮುಯ್ಯಿ ಇದೆ. ಆದರೆ ಹೊನ್ನಕ್ಕನಿಗೆ ಒಂದು ಪಕ್ಷದ ನಾಯಕರೆಂದರೆ ಪ್ರಾಣ. ಜಲಜಾಕ್ಷಿಗೆ ಇನ್ನೊಂದು ಪಕ್ಷದ ನಾಯಕರೆಂದರೆ ಪ್ರಾಣ. ಯಾವ ನಾಯಕರು ಎಂದು ನನ್ನನ್ನು ಕೇಳಬೇಡಿ, ಹೇಳಿದರೆ ನೀವೂ ಜಗಳಕ್ಕೆ ನಿಲ್ಲುತ್ತೀರಿ.

“ನಮ್ಮ ನಾಯಕರು ಮೈಕ್ ಹಿಡಿದ್ರೆ ಮೈ ಜುಂ ಅಂತದೆ!” ಎಂದಳು ಹೊನ್ನಕ್ಕ.

“ಮೈ ಜುಂ ಅಂದ್ರೆ ಹೊಟ್ಟೆ ತುಂಬ್ತದನಾ ಮಾರಾಯ್ತಿ? ನಮ್ಮ ನಾಯಕರಿಗೆ ಬಡವರ ಕಷ್ಟ ಗೊತ್ತು” ಎಂದಳು ಜಲಜಾಕ್ಷಿ.

“ಗೊತ್ತಿದ್ದು ಎಂತ ಮಾಡಿದ್ರು? ಹೇಳು ನೋಡಣ!”

“ನಿಮ್ಮೋರು ಎಂತ ಮಾಡಿದ್ರು? ಅದನ್ನ ನೀ ಹೇಳು ಮೊದ್ಲು!”

ಮಾತಿಗೆ ಮಾತು ಬೆಳೆಯಿತು. ಒಬ್ಬಳು ಲಟ್ಟಣಿಗೆ ಎತ್ತಿದಳು, ಇನ್ನೊಬ್ಬಳು ಮಣೆ ಎತ್ತಿದಳು. ಹೊಡೆಯಲಿಕ್ಕಲ್ಲ, ತಮ್ಮ ತಮ್ಮ ಮನೆಗೆ ಹೊತ್ತುಕೊಂಡು ಹೋಗಲಿಕ್ಕೆ. ಬಿಸಿ ಇರುವಾಗಲೇ ಒತ್ತಬೇಕಾದ ಹಿಟ್ಟು ಆರಿ ಗಟ್ಟಿಯಾಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ! ದೆಹಲಿಯ ನಾಯಕರಿಗೆ ನನ್ನ ಹಿಟ್ಟು ಹಾಳಾದದ್ದು ಗೊತ್ತಾಗುತ್ತದೆಯೇ?

ಇಬ್ಬರೂ ಮುಖ ನೋಡುವುದನ್ನೂ ಬಿಟ್ಟಾಗ ಸೋಮಶೇಖರಪ್ಪ ರಾಜಿಗೆ ಕೂತರು. ಅವರು ನಮ್ಮ ಕೇರಿಗೆ ಹಿರಿಯರು. ಬೇಲಿ ಜಗಳ, ನೀರಿನ ಜಗಳ ಎಲ್ಲವನ್ನೂ ಅವರೇ ಬಗೆಹರಿಸುವುದು.

“ನೋಡ್ರೇ, ಇದು ಬಹಳ ಸುಲಭ” ಎಂದರು ಅವರು. “ಹೊನ್ನಕ್ಕಂದು ಒಂದು ಓಟು ಆಚೆ, ಜಲಜಂದು ಒಂದು ಓಟು ಈಚೆ. ಸರಿಸಮ ಆಯ್ತಲ್ಲ? ಮುಯ್ಯಿಗೆ ಮುಯ್ಯಿ ವಜಾ ಮಾಡ್ತೀವಲ್ಲ, ಹಂಗೇ ಓಟಿಗೆ ಓಟು ವಜಾ. ಇಬ್ರೂ ಹೋಗದು ಬೇಡ. ಜಗಳನೂ ಇಲ್ಲ, ಬಿಸಿಲಲ್ಲಿ ಬೇಗಾರಿನ ಬೂತಿನ ತನಕ ನಡೆಯದೂ ಇಲ್ಲ!”

ಎಂಥ ತೀರ್ಪು! ಇಬ್ಬರೂ ಒಪ್ಪಿ ಮಾತು ಕೊಟ್ಟರು. ಮುಯ್ಯಿಯ ಮಾತೆಂದರೆ ನಮ್ಮಲ್ಲಿ ಯಾರೂ ತಪ್ಪುವುದಿಲ್ಲ. ಸುದ್ದಿ ಕೇರಿಯಲ್ಲಿ ಹಬ್ಬಿತು. ಮನೆಮನೆಯಲ್ಲೂ ಜೋಡಿ ಹುಡುಕಿದ್ದೇ ಹುಡುಕಿದ್ದು! ಗಂಡನದಕ್ಕೆ ಹೆಂಡತಿಯದು ವಜಾ, ಅತ್ತೆಯದಕ್ಕೆ ಸೊಸೆಯದು ವಜಾ. ಹೊನ್ನಕ್ಕನ ಗಂಡ ಮಾರಪ್ಪ ಮತ್ತು ಸೋಮಶೇಖರಪ್ಪನವರೇ ಒಂದು ಜೋಡಿ. ಸುದ್ದಿ ಬೇಗಾರಿನ ತನಕವೂ ಹೋಯಿತು. ಕೇರಿಯಲ್ಲಿ ಅಷ್ಟು ಶಾಂತಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಒಂದು ದಿನ ಬೆಳಿಗ್ಗೆ ರಸ್ತೆಯ ಕಡೆಯಿಂದ ಮೈಕಿನ ಸದ್ದು ಕೇಳಿತು. ಹೊನ್ನಕ್ಕನ ಮೆಚ್ಚಿನ ಪಕ್ಷದ ಪ್ರಚಾರದ ಜೀಪು! ಸಂಕದ ಮಾತು ಎತ್ತಲು ಇದಕ್ಕಿಂತ ಒಳ್ಳೆಯ ಹೊತ್ತು ಉಂಟೇ? ಹೊನ್ನಕ್ಕ ಸೆರಗು ಸಿಕ್ಕಿಸಿಕೊಂಡು ಓಡಿದಳು. ಹಿಂದೆ ಜಲಜಾಕ್ಷಿ, ಸೋಮಶೇಖರಪ್ಪನವರು, ಮಾರಪ್ಪ, ನಾನು ಎಲ್ಲರೂ ಓಡಿದೆವು. ಸಂಕ ದಾಟಿ ರಸ್ತೆಗೆ ಹತ್ತುವಷ್ಟರಲ್ಲಿ ಜೀಪು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ.

“ಸ್ವಲ್ಪ ನಿಲ್ಸಿ ಮಾರಾಯ್ರೆ! ನಮ್ಮ ಸಂಕ ನೋಡಿ ಹೋಗಿ!” ಎಂದು ಕೂಗಿದಳು ಹೊನ್ನಕ್ಕ.

ಒಳಗಿದ್ದವನೊಬ್ಬ ತಲೆ ಹೊರಹಾಕಿದ. “ಹಕ್ಕಲಕೇರಿಯೋರಲ್ವಾ? ನಿಮ್ಮದೆಲ್ಲ ವಜಾ ಆಗಿದೆಯಂತಲ್ಲ ಅಮ್ಮಾ! ಸಂಜೆಯೊಳಗೆ ಕೊಪ್ಪ ಮುಗಿಸಿ ಎನ್.ಆರ್. ಪುರ ಮುಟ್ಟಬೇಕು. ಓಟಿರೋ ಕಡೆ ಮೊದ್ಲು ಹೋಗ್ತೀವಿ!”

ಜೀಪು ಧೂಳೆಬ್ಬಿಸಿ ಹೋಯಿತು. ಹೊನ್ನಕ್ಕ ರಸ್ತೆಯ ಅಂಚಿನಲ್ಲಿ ಹಾಗೆಯೇ ಕೂತಳು. “ನಮ್ಮ ಪಕ್ಷದೋರೇ ನಿಲ್ಲಿಸ್ಲಿಲ್ಲ ಕಣೇ” ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಇದನ್ನು ಕಂಡು ಜಲಜಾಕ್ಷಿ ನಗಬೇಕಿತ್ತು, ನಗಲಿಲ್ಲ. ಹಳ್ಳಕ್ಕೆ ಬಿದ್ದ ಆ ಮಗುವನ್ನು ಅವಳೂ ಎತ್ತಿ ಆಡಿಸಿದವಳು.

ಅದೇ ಹೊತ್ತಿಗೆ ದೀಪಶ್ರೀ ಬಂದರು. ದೀಪಶ್ರೀ ನಮ್ಮ ಅಂಗನವಾಡಿ ಟೀಚರ್, ನಮ್ಮ ಬೂತಿನ ಚುನಾವಣೆ ಕೆಲಸವೂ ಅವರದೇ. ಮತದಾರರ ಚೀಟಿ ಹಂಚಲು ಬಂದಿದ್ದರು.

“ನಮಗೆ ಚೀಟಿ ಎಂತಕ್ಕೆ ಟೀಚರ್? ನಂದೂ ಜಲಜಂದೂ ವಜಾ ಆಗಿದೆ” ಎಂದಳು ಹೊನ್ನಕ್ಕ.

ದೀಪಶ್ರೀಗೆ ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಲೆ ಮೇಲೆ ಕೈಹೊತ್ತರು.

“ಅಯ್ಯೋ ರಾಮ! ಓಟು ಮುಯ್ಯಾಳಲ್ಲ ಹೊನ್ನಕ್ಕ!”

“ಯಾಕಲ್ಲ? ಅವಳದ್ದೊಂದು, ನಂದೊಂದು. ಇಬ್ರೂ ಹೋದ್ರೂ ಅಷ್ಟೇ, ಹೋಗದಿದ್ರೂ ಅಷ್ಟೇ.”

“ಅಷ್ಟೇ ಆಗಿದ್ರೆ ಈಗ ಆ ಜೀಪು ಯಾಕೆ ನಿಲ್ಲಿಲ್ಲ?”

ಹೊನ್ನಕ್ಕ ಜೀಪು ಹೋದ ದಿಕ್ಕಿಗೆ ತಿರುಗಿ ನೋಡಿದಳು.

“ಓಟು ಹಾಕೋ ಕೇರಿ ಅಂದ್ರೆ ಎಲ್ಲಾ ಪಕ್ಷದೋರೂ ನಿಲ್ತಾರೆ. ಹಾಕದ ಕೇರಿ ಅಂದ್ರೆ ಯಾರೂ ತಿರುಗಿ ನೋಡಲ್ಲ” ಎಂದರು ದೀಪಶ್ರೀ. “ನಿಮ್ಮಿಬ್ರ ನಾಯಕರು ಬೇರೆ ಬೇರೆ ಇರ್ಲಿ. ಸಂಕ ಒಂದೇ ಅಲ್ದನಾ? ಅದನ್ನೂ ವಜಾ ಮಾಡ್ಕೊಂಡ್ರಲ್ಲ!”

ಜಲಜಾಕ್ಷಿ ಮುಂದೆ ಬಂದಳು. “ನಮ್ಮ ನಾಯಕರು ಗೆದ್ರೆ ಸಂಕ ತಾನಾಗಿ ಆಗ್ತದೆ ಟೀಚರ್.”

“ಒಂದು ಕೇಳ್ತೀನಿ, ಇಬ್ರೂ ಹೇಳಿ. ನಮ್ಮ ಕ್ಷೇತ್ರದಲ್ಲಿ ನಿಂತೋರು ಯಾರು?”

ಇಬ್ಬರೂ ಒಟ್ಟಿಗೇ ತಮ್ಮ ತಮ್ಮ ನಾಯಕರ ಹೆಸರು ಕೂಗಿದರು. ದೀಪಶ್ರೀ ನಕ್ಕುಬಿಟ್ಟರು.

“ಅವರ್ಯಾರೂ ಇಲ್ಲಿ ನಿಂತಿಲ್ಲ! ಮಶಿನ್ ಮೇಲೆ ಅವರ ಹೆಸರು ಇರದೇ ಇಲ್ಲ. ಇಲ್ಲಿ ನಿಂತೋರ ಹೆಸರು, ಫೋಟೊ, ಚಿಹ್ನೆ ಇರ್ತದೆ. ಗೆದ್ದು ಹೋಗಿ ನಮ್ಮ ಪರವಾಗಿ ಮಾತಾಡೋರು ಅವರು. ಪಕ್ಷ ನೋಡಿ, ನಾಯಕರನ್ನೂ ನೋಡಿ, ಬೇಡ ಅನ್ನಲ್ಲ. ಆದ್ರೆ ಇಲ್ಲಿ ನಿಂತೋರನ್ನೂ ನೋಡ್ಬೇಕಲ್ಲ?”

ಇಷ್ಟು ದಿನ ಗಂಟಲು ಹರಿದುಕೊಂಡವರಿಗೆ ನಮ್ಮ ಕ್ಷೇತ್ರದಲ್ಲಿ ನಿಂತವರ ಒಂದು ಹೆಸರೂ ಗೊತ್ತಿರಲಿಲ್ಲ! ಸತ್ಯ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ, ಸೋಮಶೇಖರಪ್ಪನವರಿಗೂ ಗೊತ್ತಿರಲಿಲ್ಲ.

“ನಿಂತೋರು ಯಾರೂ ಬೇಡ ಅನ್ನಿಸಿದ್ರೆ?” ಎಂದು ಕೇಳಿದೆ ನಾನು.

“ಹಂಗೆ ಹೇಳಕ್ಕೂ ಒಂದು ಬಟನ್ ಇದೆ, ನೋಟಾ ಅಂತ. ಅದನ್ನ ಒತ್ತಕ್ಕೂ ಬೂತಿಗೇ ಬರ್ಬೇಕು.”

ಹೊನ್ನಕ್ಕ ಎದ್ದು ನಿಂತಳು. ಆದರೂ ಒಂದು ಅನುಮಾನ ಅವಳನ್ನು ಬಿಡಲಿಲ್ಲ. “ಸೋಮಣ್ಣನ ಎದುರು ಮಾತು ಕೊಟ್ಟಾಗಿದೆ ಟೀಚರ್. ನಾ ಹೋದ್ರೆ ಜಲಜಂಗೆ ಮೋಸ ಮಾಡ್ದಂಗೆ ಆಗಲ್ವಾ?”

ದೀಪಶ್ರೀ ಬಾಯಿ ತೆರೆಯುವ ಮೊದಲೇ ಜಲಜಾಕ್ಷಿ ಹೇಳಿದಳು, “ನಿನ್ನ ಮಾತಿಂದ ನಿನ್ನ ಬಿಟ್ಟೆ ಹೊನ್ನಕ್ಕ! ನೀನೂ ನನ್ನ ಬಿಡು. ನೀ ನಿನ್ನೋರಿಗೇ ಹಾಕು. ನಾ ನನ್ನೋರಿಗೇ ಹಾಕ್ತೀನಿ. ಕೂಸು ಮಾತ್ರ ಶಾಲೆ ಬಿಡದು ಬೇಡ.”

ಹೊನ್ನಕ್ಕ ಅವಳ ಕೈ ಹಿಡಿದುಕೊಂಡಳು. ಸೋಮಶೇಖರಪ್ಪನವರು ಕೆಮ್ಮಿದರು. “ನನ್ನ ತೀರ್ಪು ತಪ್ಪಾಯ್ತು ಮಾರಾಯ್ರೆ. ಮಾರಪ್ಪ, ನಿನ್ನನ್ನೂ ಬಿಟ್ಟೆ ನಾನು!” ಎಂದರು. ಕೇರಿಯ ಜೋಡಿಗಳೆಲ್ಲ ಅವತ್ತೇ ಬಿಟ್ಟುಹೋದವು. ಗಂಡ ಹೆಂಡಿರು ಬೇರೆಯಾದರೆಂದಲ್ಲ, ಓಟಿನ ಜೋಡಿ ಮಾತ್ರ!

ಮರುದಿನ ಜಲಜಾಕ್ಷಿಯ ಪಕ್ಷದ ಜೀಪು ಬಂತು. ಈ ಸಲ ನಾವು ರಸ್ತೆಗೆ ಮೊದಲೇ ಹೋಗಿ ನಿಂತಿದ್ದೆವು. ಮುಂದೆ ಹೊನ್ನಕ್ಕ, ಜಲಜಾಕ್ಷಿ, ಹಿಂದೆ ನಮ್ಮ ಕೇರಿಯವರೆಲ್ಲ. “ಇಲ್ಲಿ ಎಲ್ರೂ ಓಟು ಹಾಕ್ತೀವಿ! ಯಾರಿಗೆ ಅಂತ ಇನ್ನೂ ಹೇಳಲ್ಲ!” ಎಂದು ಕೂಗಿದ್ದೇ ತಡ, ಜೀಪು ಗಕ್ಕನೆ ನಿಂತಿತು. ಅಭ್ಯರ್ಥಿಯೇ ಇಳಿದು ಬಂದರು. ಹೊನ್ನಕ್ಕ ಅವರನ್ನು ಸೀದಾ ಸಂಕದ ಮೇಲೆ ನಡೆಸಿದಳು. ಬೇಸಗೆಯ ಹಳ್ಳದ ಮೇಲೇ ಅವರ ಕಾಲು ನಡುಗಿತು. “ಇದರ ಮೇಲೆ ಮಕ್ಕಳು ಹೋಗ್ತಾವಾ?” ಎಂದು ಕೇಳಿದರು. “ಮಳೆಗಾಲದಲ್ಲೂ ಹೋಗ್ತಾವೆ ಸ್ವಾಮಿ” ಎಂದಳು ಜಲಜಾಕ್ಷಿ. ಸುದ್ದಿ ಹಬ್ಬಿತು. ಎರಡೇ ದಿನಕ್ಕೆ ಹೊನ್ನಕ್ಕನ ಪಕ್ಷದ ಅಭ್ಯರ್ಥಿಯೂ ಬಂದರು. ಅವರನ್ನೂ ನಡೆಸಿದೆವು. ಕಾಲು ನಡುಗುವುದರಲ್ಲಿ ಎರಡು ಪಕ್ಷಕ್ಕೂ ವ್ಯತ್ಯಾಸವಿರಲಿಲ್ಲ.

ಓಟಿನ ದಿನ ಕೇರಿಗೆ ಕೇರಿಯೇ ಹೊರಟಿತು, ಹಬ್ಬಕ್ಕೆ ಹೊರಟ ಹಾಗೆ! ಬೇಗಾರಿನ ದಾರಿಯುದ್ದಕ್ಕೂ ಹೊನ್ನಕ್ಕ ಮತ್ತು ಜಲಜಾಕ್ಷಿಗೆ ಮತ್ತದೇ ನಾಯಕರ ಜಗಳ. ಬೂತಿನ ಹತ್ತಿರದ ಗೆರೆ ಮುಟ್ಟಿದಾಗ ಪೊಲೀಸಿನವರು, “ಅಮ್ಮಾ, ಇಲ್ಲಿಂದ ಮುಂದೆ ಪ್ರಚಾರ ಮಾಡಂಗಿಲ್ಲ” ಎಂದರು. ಇಬ್ಬರೂ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅಷ್ಟು ಹೊತ್ತು ಅವರಿಬ್ಬರು ಸುಮ್ಮನಿದ್ದದ್ದು ನಮ್ಮ ಕೇರಿಯ ಚರಿತ್ರೆಯಲ್ಲೇ ಇಲ್ಲ!

ಹೊರಗೆ ಬಂದಾಗ ಇಬ್ಬರ ಎಡಗೈ ಬೆರಳಿನಲ್ಲೂ ಶಾಯಿ. “ಯಾರಿಗೆ ಒತ್ತಿದ್ಯೇ ಹೊನ್ನಕ್ಕ?” ಎಂದಳು ಜಲಜಾಕ್ಷಿ.

“ಅದು ನಂಗೂ ಮಶಿನ್ನಿಗೂ ಬಿಟ್ಟಿದ್ದು. ನೀ ಯಾರಿಗೆ ಒತ್ತಿದೆ?”

“ನಾನೂ ಹೇಳಲ್ಲ!” ಎಂದು ಜಲಜಾಕ್ಷಿ ನಕ್ಕಳು.

ಫಲಿತಾಂಶ ಬಂದ ಮೇಲೆ ಗೆದ್ದವರ ಕಚೇರಿಗೆ ಇಬ್ಬರೂ ಒಟ್ಟಿಗೇ ಹೋಗಿ ಬಂದರು. ಯಾರ ಪಕ್ಷ ಗೆದ್ದಿತೆಂದು ನಾನು ಹೇಳುವುದಿಲ್ಲ, ಬೇಕಾಗಿಯೂ ಇಲ್ಲ. “ಹಕ್ಕಲಕೇರಿ ಸಂಕದೋರಲ್ವಾ? ಕೂತ್ಕೊಳಿ” ಎಂದರಂತೆ ಒಳಗಿದ್ದವರು. ಆಮೇಲೆ ಎಂಜಿನಿಯರ್ ಬಂದು ಹಳ್ಳದ ಅಳತೆ ಮಾಡಿಕೊಂಡು ಹೋಗಿದ್ದಾರೆ. ಸಂಕ ಇನ್ನೂ ಎದ್ದಿಲ್ಲ. ಏಳುವ ತನಕ ಕೇಳುತ್ತಲೇ ಇರುತ್ತೇವೆ. ಮೊಮ್ಮಗಳನ್ನು ಶಾಲೆ ಬಿಡಿಸಿಲ್ಲ. ನೀರು ಏರಿದ ದಿನ ಹೊನ್ನಕ್ಕ ಇಲ್ಲವೇ ಜಲಜಾಕ್ಷಿ, ಯಾರಾದರೊಬ್ಬರು ದೂರದ ಸುತ್ತುದಾರಿಯಲ್ಲಿ ಅವಳನ್ನು ಶಾಲೆಗೆ ಬಿಟ್ಟು ಬರುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಯಕರ ಬಗ್ಗೆ ವಾದ ಮಾಡಿ, ಜೋರಾಗಿಯೇ ಮಾಡಿ. ವಾದ ಮುಗಿದ ಮೇಲೆ ನೆಂಟಸ್ತಿಕೆ ಉಳಿಯಲಿ. ನಿಮ್ಮ ಕ್ಷೇತ್ರದಲ್ಲಿ ನಿಂತವರ ಹೆಸರು ತಿಳಿದುಕೊಳ್ಳಿ, ನಿಮ್ಮೂರಿನ ಕಷ್ಟ ಅವರ ಮುಂದಿಡಿ. ಮನೆಗೆ ಬರುವ ಚೀಟಿಯೊಂದೇ ಸಾಲದು, ಮತದಾರರ ಗುರುತಿನ ಚೀಟಿ ಅಥವಾ ಆಧಾರ್ ಕಾರ್ಡ್ ಕೈಯಲ್ಲಿರಲಿ. ನಿಮ್ಮ ಓಟು ಯಾರಿಗೆಂದು ಗಂಡನಿಗೂ ಹೇಳಬೇಕಿಲ್ಲ, ಹಿರಿಯರಿಗೂ ಹೇಳಬೇಕಿಲ್ಲ. ಬೇರೆ ಪಕ್ಷದ ಗೆಳತಿ ಇದ್ದರೆ ಅವಳ ಮನೆಯ ಬಾಗಿಲು ತಟ್ಟಿ, ಅವಳನ್ನೂ ಕರೆದುಕೊಂಡೇ ಬೂತಿಗೆ ಹೋಗಿ!