ಒಂದು ದಿನದ ತಡೆಗಂಬಿ

ಬ್ಯಾಡಗಿಯ ಮಾರ್ಕೆಟ್ ಯಾರ್ಡಿನ ಹಿಂದಿದ್ದ ಪ್ರಭುಲಿಂಗಪ್ಪ ಸಾವುಕಾರರ ಕೋಲ್ಡ್ ಸ್ಟೋರೇಜು ನಲವತ್ತೆರಡು ಅಡಿ ಎತ್ತರವಿತ್ತು. ಛಾವಣಿಯ ಹಳೆಯ ಸಿಮೆಂಟ್ ಶೀಟುಗಳು ಒಡೆದು ಸೋರುತ್ತಿದ್ದವು. ಅವನ್ನು ಕಿತ್ತು ತಗಡು ಹೊದಿಸುವ ಕೆಲಸ ಜಟ್ಟೆಪ್ಪ ಮತ್ತು ಶಮಶೇರಸಾಬರದು. ಮಾರ್ಚ್ ತಿಂಗಳು. ಹತ್ತು ಗಂಟೆಗೆಲ್ಲ ತಗಡು ಕಾದು ಬರಿಗಾಲು ಊರಲು ಬರುತ್ತಿರಲಿಲ್ಲ. ಚಪ್ಪಲಿ ಹಾಕಿದರೆ ಜಾರುತ್ತಿತ್ತು. ಇಬ್ಬರೂ ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು, ಕೂತಲ್ಲೇ ಸರಿಯುತ್ತ ಬೋಲ್ಟು ಬಿಗಿಯುತ್ತಿದ್ದರು.

ಬಿಸಿಲಿಗಿಂತ ಹೆಚ್ಚಾಗಿ ಅವರು ಗಾಳಿಗೆ ಹೆದರುತ್ತಿದ್ದರು. ಕೆಳಗಿನ ಅಂಗಳದಲ್ಲಿ ಹಮಾಲರು ಮೆಣಸಿನಕಾಯಿಯನ್ನು ತುಳಿತುಳಿದು ಚೀಲಕ್ಕೆ ತುಂಬುತ್ತಿದ್ದರು. ಗಾಳಿ ಇತ್ತ ತಿರುಗಿದರೆ ಘಾಟು ನೇರ ಮೇಲೇರುತ್ತಿತ್ತು. ಸೀನು ಹತ್ತಿದರೆ ಐದಾರು ಸಲ ಸೀನದೆ ಬಿಡುತ್ತಿರಲಿಲ್ಲ. ಸೀನುವಾಗ ಕಣ್ಣು ಮುಚ್ಚುತ್ತದೆ. ಹಾಗಾಗಿ ಘಾಟು ಮೂಗಿಗೆ ಬಡಿದೊಡನೆ ಇಬ್ಬರೂ ಇದ್ದಲ್ಲೇ ಬೋರಲು ಬಿದ್ದು, ಸಿಕ್ಕ ಬೋಲ್ಟನ್ನು ಹಿಡಿದುಕೊಳ್ಳುತ್ತಿದ್ದರು.

ಜಟ್ಟೆಪ್ಪ ಗುತ್ತಿಗೆದಾರ ರುದ್ರಮುನಿಯನ್ನು ಎರಡು ಸಲ ಕೇಳಿದ್ದ.

"ಅಣ್ಣಾರ, ಅಂಚಿಗೆ ಸುತ್ತ ಒಂದ ಪೈಪ ಹಾಕಸ್ರಿ. ಸೊಂಟದ ಮಟ್ಟ ಇದ್ರ ಸಾಕು. ಘಾಟ ಬಂದಾಗ ಹಿಡಕೊಳ್ಳಾಕ ಏನೂ ಇಲ್ರಿ."

"ಹದಿನೈದ ದಿನದ ಕೆಲಸಕ್ಕ ಪೈಪಾ? ಸೀಜನ್ ಮುಗಿಯೂದರಾಗ ಚೀಲಾ ಒಳಗ ಹೋಗಬೇಕು. ಲಗೂ ಕೈ ಆಡಸ್ರಿ ಮೊದಲ."

"ನಮ್ಮ ಸೊಂಟಕ್ಕ ಬೆಲ್ಟರ ಕೊಡ್ರಿ."

"ಬೆಲ್ಟ ಕಟ್ಕೊಂಡ್ರ ದಿನಕ್ಕ ನಾಕ ಶೀಟ ಸುದ್ದಾ ಹಾಕಾಂಗಿಲ್ಲ ನೀವು."

ಜಟ್ಟೆಪ್ಪ ಮೂರನೆಯ ಸಲ ಕೇಳಲಿಲ್ಲ. ಅವನ ಹೆಂಡತಿ ಮೈಲವ್ವ ಅದೇ ಯಾರ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕೆಳಗಿನಿಂದ ಗಂಡ ಕಂಡಾಗಲೆಲ್ಲ ಆಕೆ ತಲೆ ತಗ್ಗಿಸುತ್ತಿದ್ದಳು. ನೋಡಿದರೆ ಕೆಲಸ ನಿಲ್ಲುತ್ತದೆ ಎನ್ನುತ್ತಿದ್ದಳು.

ಒಂದು ಗುರುವಾರ ಬೆಳಿಗ್ಗೆ ರಾಣೆಬೆನ್ನೂರಿನಿಂದ ಒಂದು ಟ್ರ್ಯಾಕ್ಟರ್ ಬಂತು. ತುಂಬ ಕಬ್ಬಿಣದ ಪೈಪು, ಕ್ಲ್ಯಾಂಪು, ಹಗ್ಗವಿದ್ದ ಎರಡು ಹೊಸ ಬೆಲ್ಟು. ರುದ್ರಮುನಿ ತಾನೇ ಓಡಾಡಿ ಇಳಿಸಿದ. ಮಧ್ಯಾಹ್ನದೊಳಗೆ ಛಾವಣಿಯ ಸುತ್ತಲೂ ಎರಡು ಸಾಲು ತಡೆಗಂಬಿ ನಿಂತಿತು. ಜಟ್ಟೆಪ್ಪ ಅದನ್ನು ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿದ. ಅಲ್ಲಾಡಲಿಲ್ಲ.

"ಶಮಶೇರ್ಯಾ, ಇವತ್ತ ಬುತ್ತಿ ಮ್ಯಾಲೇ ಉಣ್ಣೂಣಲೇ," ಎಂದ.

ಇಬ್ಬರೂ ಕಂಬಿಗೆ ಬೆನ್ನು ಕೊಟ್ಟು ರೊಟ್ಟಿ ತಿಂದರು. ನಡುವೆ ಘಾಟು ಬಂತು. ಸೀನಿದರು, ನಕ್ಕರು, ಮತ್ತೆ ಸೀನಿದರು. ಅಲ್ಲಿಂದ ದೂರದ ಹೆದ್ದಾರಿಯ ಲಾರಿಗಳು ಕಾಣುತ್ತಿದ್ದವು. ಇಷ್ಟು ದಿನ ಮೇಲಿದ್ದರೂ ಅವರು ತಲೆಯೆತ್ತಿ ನೋಡಿರಲಿಲ್ಲ.

ನಾಲ್ಕು ಗಂಟೆಗೆ ಕಾರ್ಮಿಕ ಇಲಾಖೆಯ ತಪಾಸಣೆಯ ಸಾಹೇಬರ ಜೀಪು ಬಂತು. ಸಾಹೇಬರು ಮೇಲೆ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಕಂಬಿಯ ಫೋಟೋ ತೆಗೆದರು. ಬೆಲ್ಟು ಕಟ್ಟಿಕೊಂಡು ನಿಂತ ಇಬ್ಬರನ್ನೂ ತೆಗೆದರು. ಸಾವುಕಾರರ ಆಫೀಸಿನಲ್ಲಿ ಚಹಾ ಕುಡಿದು ಹೋದರು.

ಮರುದಿನ ಎಂಟು ಗಂಟೆಗೆ ಟ್ರ್ಯಾಕ್ಟರ್ ಮತ್ತೆ ಬಂದು ನಿಂತಿತ್ತು.

"ಬಿಚ್ರಿ," ಎಂದ ರುದ್ರಮುನಿ. "ಬಾಡಿಗಿ ಪೈಪು. ಹಾವೇರಿಗೆ ಹೋಗಬೇಕು."

"ಇನ್ನ ಐದ ದಿನದ ಕೆಲಸ ಐತಲ್ರಿ," ಎಂದ ಜಟ್ಟೆಪ್ಪ.

"ಬಿಚ್ಚಾಕ ನಿನಗ ಆಗದಿದ್ರ ಹೇಳು. ಬಿಚ್ಚಾವ್ರು, ಶೀಟ ಹಾಕಾವ್ರು, ಎಲ್ಲಾರೂ ಸಿಗತಾರ."

ಶಮಶೇರಸಾಬ ಬೋಲ್ಟು ತಿರುಗಿಸುವ ಪಾನಾ ತೆಗೆದುಕೊಂಡ. ನಿನ್ನೆ ತಾವೇ ಬಿಗಿದ ಕ್ಲ್ಯಾಂಪುಗಳನ್ನು ಇಬ್ಬರೂ ಒಂದೊಂದಾಗಿ ಸಡಿಲಿಸಿದರು. ಅಂಗಳದ ಕಡೆಯ ಕೊನೆಯ ಪೈಪನ್ನು ಜಟ್ಟೆಪ್ಪ ಬಹಳ ಹೊತ್ತು ಬಿಡಲಿಲ್ಲ. ಕೆಳಗಿನಿಂದ ರುದ್ರಮುನಿ ಕೂಗಿದ. ಶಮಶೇರಸಾಬ ತಾನೇ ಹೋಗಿ ಅದನ್ನು ಬಿಚ್ಚಿದ. ಬೆಲ್ಟುಗಳು ಆಫೀಸಿನ ಕಪಾಟು ಸೇರಿದವು.

ಹನ್ನೊಂದೂವರೆಗೆ ಗಾಳಿ ತಿರುಗಿತು. ಜಟ್ಟೆಪ್ಪ ಅಂಚಿನಲ್ಲಿ ಶೀಟೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಬೋರಲು ಬೀಳಲು ಜಾಗವಿರಲಿಲ್ಲ. ಒಂದು ಸೀನು. ಎರಡು. ಮೂರನೆಯದಕ್ಕೆ ಶೀಟು ಗಾಳಿಗೆ ಹೊರಳಿ ಅವನನ್ನು ಎಳೆಯಿತು. ತಾನು ಬಿಚ್ಚಿದ ಪೈಪಿನ ಜಾಗದಿಂದಲೇ ಗೆಳೆಯ ಹೋಗಿದ್ದನ್ನು ಶಮಶೇರಸಾಬ ಕಣ್ಣಾರೆ ಕಂಡ.

ಅವನು ಏಣಿ ಇಳಿದು ಓಡಿಬರುವಷ್ಟರಲ್ಲಿ ಹಮಾಲರು ಸುತ್ತ ನಿಂತಿದ್ದರು. ಜಟ್ಟೆಪ್ಪನಿಗೆ ಉಸಿರಿತ್ತು. ಯಾರೋ ನೀರು ತಂದರು. ರುದ್ರಮುನಿ ಆಫೀಸಿನ ಒಳಗೆ ಓಡಿಹೋಗಿ ಹೊಸ ಬೆಲ್ಟು ಹಿಡಿದು ಬಂದ. ಮಂಡಿಯೂರಿ ಕೂತು ಅದನ್ನು ಜಟ್ಟೆಪ್ಪನ ಮುರಿದ ಸೊಂಟದ ಕೆಳಗೆ ತೂರಿಸಿದ. ಎತ್ತಲು ಕಟ್ಟುತ್ತಿದ್ದಾನೆ ಎಂದುಕೊಂಡ ಶಮಶೇರಸಾಬ.

"ಬ್ಯಾಡ್ರೀ... ನೋಯತೈತ್ರೀ..." ಎಂದ ಜಟ್ಟೆಪ್ಪ.

ರುದ್ರಮುನಿ ಬಕಲು ಬಿಗಿದ.

ಮೆಣಸಿನಕಾಯಿ ಸಾಗಿಸುವ ಟೆಂಪೋದಲ್ಲಿ ಹಾವೇರಿಯ ದವಾಖಾನೆಗೆ ಹೊರಟರು. ಮೈಲವ್ವ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನೊಂದಿಗೆ ಮಾತಾಡುತ್ತಲೇ ಕೂತಿದ್ದಳು. ಮೋಟೆಬೆನ್ನೂರು ದಾಟುವಾಗ ಅವಳು ಮಾತು ನಿಲ್ಲಿಸಿದಳು. ಶಮಶೇರಸಾಬ ತಿರುಗಿ ನೋಡಿದ. ಜಟ್ಟೆಪ್ಪನ ಕಣ್ಣು ತೆರೆದೇ ಇತ್ತು. ಸೊಂಟದಲ್ಲಿ ಬೆಲ್ಟು ಹೊಳೆಯುತ್ತಿತ್ತು.

ಸಂಜೆ ಸಾವುಕಾರರ ಆಫೀಸಿನಲ್ಲಿ ಒಂದು ಕಾಗದ ಸಿದ್ಧವಾಗಿತ್ತು. ಛಾವಣಿಗೆ ತಡೆಗಂಬಿ ಇತ್ತು. ಬೆಲ್ಟು ಕೊಡಲಾಗಿತ್ತು. ಮೃತನು ಬೆಲ್ಟಿನ ಹಗ್ಗವನ್ನು ತಾನೇ ಬಿಚ್ಚಿಕೊಂಡು, ಕಂಬಿ ದಾಟಿ ಹೋಗಿ ಅಜಾಗರೂಕತೆಯಿಂದ ಬಿದ್ದನು. ಕಣ್ಣಾರೆ ಕಂಡವನು ಶಮಶೇರಸಾಬ.

"ಇದು ಖರೇ ಅಲ್ರಿ," ಎಂದ ಶಮಶೇರಸಾಬ.

ಪ್ರಭುಲಿಂಗಪ್ಪ ಕಾಗದವನ್ನು ಅವನತ್ತ ಸರಿಸಿದರು. ರುದ್ರಮುನಿ ಬಾಗಿಲು ಎಳೆದು ಮುಚ್ಚಿದ.

"ಖರೇ ಏನು ಹೇಳಲಾ? ಆ ಪೈಪ ಬಿಚ್ಚಿದ್ದು ಯಾರು? ಹಮಾಲರೆಲ್ಲ ನೋಡ್ಯಾರ. ನಾ ಬಿಚ್ಚೇನೋ, ನೀ ಬಿಚ್ಚೀದಿಯೋ? ಪೊಲೀಸರ ಮುಂದ ಅದನ್ನ ಹೇಳಲೇನು?"

ಶಮಶೇರಸಾಬ ತನ್ನ ಕೈ ನೋಡಿಕೊಂಡ. ಬಿಚ್ಚಿದ್ದು ಆ ಕೈಯೇ. ಅದೇ ಕೈಯಿಂದ ಸಹಿ ಹಾಕಿದ.

ಆಮೇಲೆ ಮೂರು ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲ. ಅನ್ನ ಬಾಯಿಗೆ ಹೋಗಲಿಲ್ಲ. ನಾಲ್ಕನೆಯ ದಿನ ಮೈಲವ್ವನೇ ಬಂದಳು. ಬಾಗಿಲ ಬಳಿ ಕೂತಳು.

"ಅಣ್ಣಾ, ಒಂದ ಮಾತ ಕೇಳತೇನಿ. ಬೀಳೂ ಮುಂದ ಅಂವನ ಸೊಂಟಕ್ಕ ಬೆಲ್ಟ ಇತ್ತೇನು? ಪರಿಹಾರ ಕೇಳಾಕ ಹೋದ್ರ, ಬಿಚ್ಚಿಕೊಂಡ ಬಿದ್ದಾನ, ನಿನಗೇನೂ ಬರಾಂಗಿಲ್ಲ ಅಂದ್ರು. ನೀನೂ ಹಂಗ ಬರದು ಕೊಟ್ಟೀದಿ ಅಂತ."

ಶಮಶೇರಸಾಬ ಗೋಡೆಗೆ ತಲೆ ಚಚ್ಚಿಕೊಂಡ.

"ಇರಲಿಲ್ಲಬೇ ತಂಗಿ. ಬಿದ್ದ ಮ್ಯಾಲೆ ಕಟ್ಟಿದ್ರು. ಪೈಪ ಬಿಚ್ಚಿದಾಂವ ನಾನು. ಸಹಿ ಮಾಡಿದಾಂವನೂ ನಾನು. ನನ್ನ ಹೊಡಿ ನೀನು."

ಅವಳು ಹೊಡೆಯಲಿಲ್ಲ. ಆಮೇಲೆ ಕೇಳಿದಳು:

"ಸೋಮವಾರ ಸಾಹೇಬ ಬರತಾನಂತ. ಅಂವನ ಮುಂದ ಹೇಳತೀಯೇನು?"

"ಹೇಳತೇನಿ."

ಸೋಮವಾರ ಸಾಹೇಬರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಫೈಲಿನ ಮೊದಲ ಹಾಳೆಯಲ್ಲಿ ಗುರುವಾರದ ಫೋಟೋ ಇತ್ತು. ಶಮಶೇರಸಾಬ ಎಲ್ಲರೆದುರು ನಡೆದದ್ದನ್ನು ಹೇಳಿದ. ಸಾಹೇಬರು ಅವನ ಸಹಿಯ ಮೇಲೆ ಬೆರಳಿಟ್ಟರು.

"ಇದು ನಿಂದ ಹೌದಲ್ಲೋ?"

"ಹೌದ್ರಿ. ಆದ್ರ..."

"ಅವತ್ತೊಂದು ಹೇಳ್ತಿ, ಇವತ್ತೊಂದು ಹೇಳ್ತಿ. ನಾ ಯಾವುದನ್ನ ಬರಕೊಳ್ಳಲಿ? ಕಂಬಿ ಇದ್ದದ್ದನ್ನ ನಾನ ನೋಡೇನಿ."

"ಹಂಗಾರ ಈಗ ತಲಿ ಎತ್ತಿ ನೋಡ್ರಿ ಸಾಹೇಬ್ರ."

"ಅಗತ್ಯ ಇಲ್ಲ."

ಅಷ್ಟರಲ್ಲಿ ಯಾರೋ ಚೀರಿದರು. ಮೈಲವ್ವ ಏಣಿಯ ಅರ್ಧ ದಾಟಿದ್ದಳು. ಸೀರೆಯ ಕಚ್ಚೆ ಬಿಗಿದಿದ್ದಳು. ಹುಟ್ಟಿದಾಗಿನಿಂದ ಮನೆಯ ಮಾಳಿಗೆಗಿಂತ ಎತ್ತರ ಹತ್ತಿದವಳಲ್ಲ. ಛಾವಣಿಯ ಮೇಲೆ ಅಂಬೆಗಾಲಿಟ್ಟು ಬಂದು, ಗಂಡ ಬಿದ್ದ ಅಂಚಿನಲ್ಲಿ ಎದ್ದು ನಿಂತಳು. ಅವಳ ಮುಂದೆ ಬರೀ ಗಾಳಿ.

ಹಮಾಲರು ತುಳಿಯುವುದನ್ನು ನಿಲ್ಲಿಸಿದರು. ಘಾಟು ಮೇಲೇರಬಾರದೆಂದು ಹಿರಿಯ ಹಮಾಲ ಉಡಚಪ್ಪ ತೆರೆದ ಚೀಲಗಳ ಮೇಲೆ ಒದ್ದೆ ತಟ್ಟು ಹಾಕಿಸಿದ. ಶಮಶೇರಸಾಬ ಏಣಿಯತ್ತ ಓಡಿದ.

"ಲೇ, ಇಳಿ ಕೆಳಗ! ಬೀಳ್ತಿ!" ಎಂದು ರುದ್ರಮುನಿ ಕೂಗಿದ.

"ಹೆಂಗ ಬೀಳತೇನ್ರಿ? ಕಂಬಿ ಐತೆಲ್ಲ!" ಮೈಲವ್ವನ ದನಿ ಅಂಗಳಕ್ಕೆಲ್ಲ ಕೇಳಿಸಿತು. "ಸಾಹೇಬ್ರ, ನಿಮ್ಮ ಫೋಟೋದಾಗ ಐತೆಲ್ರಿ! ಎಲ್ಲಿ ಹಿಡೀಲಿ ಹೇಳ್ರಿ. ಎಡಕ್ಕೋ, ಬಲಕ್ಕೋ?"

ಸಾಹೇಬರು ಕುರ್ಚಿಯಿಂದ ಎದ್ದಿದ್ದರು. ಪ್ರಭುಲಿಂಗಪ್ಪ ಆಫೀಸಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಶಮಶೇರಸಾಬ ಹೊಟ್ಟೆಯ ಮೇಲೆ ತೆವಳುತ್ತ ಹೋಗಿ ಅವಳ ಕಾಲು ಹಿಡಿದ. ಅವಳು ಅಲ್ಲೇ ಕುಸಿದು ಕೂತು, ಗಂಡ ಸತ್ತ ಮೇಲೆ ಮೊದಲ ಸಲ ಬಾಯಿ ಬಿಟ್ಟು ಅತ್ತಳು.

ಸಾಹೇಬರು ಏನು ಬರೆದುಕೊಂಡರೋ ತಿಳಿಯಲಿಲ್ಲ. ಎರಡು ವಾರ ಕೆಲಸ ನಿಂತಿತು. ಪರಿಹಾರದ ಅರ್ಜಿಗೆ ದಾಖಲೆ ಸಾಲದೆಂಬ ಉತ್ತರ ಬಂತು. ಶಮಶೇರಸಾಬನನ್ನು ಬ್ಯಾಡಗಿಯ ಯಾವ ಗುತ್ತಿಗೆದಾರನೂ ಕರೆಯಲಿಲ್ಲ. ಅವನು ಹಮಾಲಿ ಕೆಲಸಕ್ಕೆ ಇಳಿದ. ಏಪ್ರಿಲಿನಲ್ಲಿ ಛಾವಣಿಗೆ ಮತ್ತೆ ಪೈಪು ಬಂತು. ರಸ್ತೆಗೆ ಕಾಣುವ ಒಂದು ಬದಿಗೆ ಮಾತ್ರ ಹಾಕಿದರು. ಉಳಿದ ಮೂರು ಬದಿ ಬಯಲೇ.

ಗಳಗನಾಥದ ಕಡೆಯಿಂದ ಮೂವರು ಹೊಸ ಕೆಲಸಗಾರರು ಬಂದರು. ಅವರು ಬರುವ ಬೆಳಿಗ್ಗೆ ಮೈಲವ್ವ ಮತ್ತು ಶಮಶೇರಸಾಬ ಗೇಟಿನ ಹೊರಗೆ ನಿಂತಿದ್ದರು.

"ಅಣ್ಣಗೋಳ್ರ, ಹತ್ತೂಕಿಂತ ಮೊದಲ ಆ ಕಡೆ ಬಂದ ನೋಡ್ರಿ," ಎಂದಳು ಮೈಲವ್ವ. ಗೋಡೆಯ ಹಿಂಬದಿಗೆ ಕರೆದೊಯ್ದು ತಲೆಯೆತ್ತಿ ತೋರಿಸಿದಳು. ನಡೆದದ್ದನ್ನೆಲ್ಲ ಹೇಳಿದಳು.

ಮೂವರೂ ಬಹಳ ಹೊತ್ತು ಮೇಲೆ ನೋಡಿದರು. ಇಬ್ಬರು ತಮ್ಮ ಪಾನಾ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆ ನಡೆದರು. ಮೂರನೆಯವನು ಅವಳ ಮುಖ ನೋಡಲಾರದೆ ತಲೆ ತಗ್ಗಿಸಿ ಗೇಟಿನ ಒಳಗೆ ಹೋದ.

ಮೈಲವ್ವ ಅಲ್ಲೇ ನಿಂತಳು. ಅವನು ಏಣಿ ಹತ್ತುತ್ತಿದ್ದ. ಈ ಸಲ ಅವಳು ತಲೆ ತಗ್ಗಿಸಲಿಲ್ಲ.

"ನಾಳೆ ಮತ್ತ ಯಾರನರ ಕರಸ್ತಾರ," ಎಂದ ಶಮಶೇರಸಾಬ.

"ಕರಸಲಿ," ಎಂದಳು. "ನಾಳೆ ಹಮಾಲರನ್ನೂ ಕರಕೊಂಡ ಬರೂಣು."