ಬಂಪರಿಗೆ ಎರಡನೇ ಕೋಟು

ಹಿಂದಿನ ಬಂಪರಿನ ಸಂದುಗಳಲ್ಲಿ ಕೂತಿದ್ದ ಹಳೇ ಪಾಲಿಶ್ಶಿನ ಬಿಳಿ ಕಲೆಗಳನ್ನು ಅವಳು ಸವೆದ ಟೂತ್‌ಬ್ರಶ್ಶಿನಿಂದ ತಿಕ್ಕಿ ತೆಗೆಯುತ್ತಿದ್ದಳು. ಮುಂದಿನ ಬಂಪರು, ಕನ್ನಡಿಗಳ ಕವಚ, ಬಾಗಿಲುಗಳುದ್ದದ ಪಟ್ಟಿ ಆಗಲೇ ಮುಗಿದಿದ್ದವು. ಬಿಸಿಲು ತಿಂದು ಬೂದಿಯಂತಾಗಿದ್ದ ಪ್ಲಾಸ್ಟಿಕ್ಕು ಸ್ಪಂಜು ಹೋದಲ್ಲೆಲ್ಲ ಕಪ್ಪಗಾಗುತ್ತ ಬರುವುದನ್ನು ನೋಡುವುದೇ ಬೆಳಿಗ್ಗೆಯಿಂದ ಒಂದು ಖುಷಿ. ಅಪ್ಪ ಹತ್ತು ವರ್ಷ ಓಡಿಸಿ, ಅವಳ ಹೆಸರಿಗೆ ಮಾಡಿಕೊಟ್ಟ ಕಾರು. ಊರಾಚೆಯ ಆಸ್ಪತ್ರೆಯ ಲ್ಯಾಬಿಗೆ, ಬೆಳಗಿನ ಆರರ ಪಾಳಿಗೆ, ಯಾರ ಹಂಗೂ ಇಲ್ಲದೆ ಹೋಗಿಬರುವುದು ಇದರಲ್ಲೇ.

ಹೋದ ವಾರ ಗಂಡ ಈ ಕಪ್ಪು ಪಾಲಿಶ್ಶಿನ ಬಾಟಲಿ ತಂದು ಕೈಗಿಟ್ಟಾಗ ಕರಗಿಹೋಗಿದ್ದಳು. ಇಷ್ಟು ವರ್ಷದಲ್ಲಿ ಅವಳ ಕಾರಿಗೆಂದು ಒರೆಸುವ ಬಟ್ಟೆಯನ್ನೂ ತಂದವನಲ್ಲ ಆತ.

ಮೈದುನ ಚಹಾ ಲೋಟ ಹಿಡಿದು ಮೆಟ್ಟಿಲ ಮೇಲೆ ಬಂದು ಕೂತ.

"ಅತ್ತಿಗೆ, ಇಷ್ಟೊಂದು ಯಾಕೆ ಒದ್ದಾಡ್ತೀರಿ? ಒಂಚೂರು ಅಡುಗೆ ಎಣ್ಣೆ ಸವರಿದ್ರೆ ಫಳಫಳ ಅಂತಿತ್ತು."

"ಎರಡು ದಿನ ಫಳಫಳ. ಆಮೇಲೆ ಬೀದಿ ಧೂಳೆಲ್ಲ ಅದರ ಮೇಲೇ."

"ಎರಡು ದಿನ ಯಾಕೆ? ಸಂಜೆ ನಾಲ್ಕರ ತನಕ ಹೊಳೆದ್ರೆ ಸಾಕು. ಆಮೇಲಿಂದು ತಗೊಳ್ಳೋರ ತಲೆನೋವು."

ಬ್ರಶ್ಶು ನಿಂತಿತು. "ತಗೊಳ್ಳೋರು ಅಂದ್ರೆ?"

ಮೈದುನ ನಾಲಿಗೆ ಕಚ್ಚಿಕೊಂಡ. "ಅಣ್ಣ ಹೇಳಿಲ್ವಾ?"

ಗಂಡ ಬಾಗಿಲಲ್ಲೇ ನಿಂತಿದ್ದ. "ಹೇಳೋಣ ಅಂತಿದ್ದೆ ಕಣೆ. ಹಳೇ ಡಬ್ಬ, ದಾರೀಲಿ ಕೈ ಕೊಟ್ರೆ ಏನು ಮಾಡ್ತೀಯ? ನಾನೇ ದಿನಾ ಬಿಟ್ಟು ಬರ್ತೀನಿ."

"ಬೆಳಿಗ್ಗೆ ಐದೂವರೆಗೆ? ಏಳೂವರೆ ತನಕ ಹೊದಿಕೆ ಬಿಡದೋರು?"

"ಪಾಳಿ ಬದಲಾಯಿಸ್ಕೋ. ಇಲ್ಲ, ಕೆಲಸಾನೇ ಬಿಡು. ಇನ್ನೆಷ್ಟು ದಿನ ದುಡೀತೀಯ?"

"ಅತ್ತಿಗೆಗೆ ಬಿಟ್ಟಿ ಡ್ರೈವರು ಸಿಕ್ಕ ಹಾಗಾಯ್ತು ಬಿಡಿ!" ಎಂದ ಮೈದುನ. ಅಣ್ಣತಮ್ಮ ಇಬ್ಬರೂ ನಕ್ಕರು.

ಅವಳ ಮೈಯೆಲ್ಲ ಉರಿದುಹೋಯಿತು. ಹೇಳದೆ ಕೇಳದೆ ಮಾರಲು ಹೊರಟದ್ದು ಒಂದು ಕಡೆಗಿರಲಿ, ಅದನ್ನು ಅವಳ ಕೈಯಿಂದಲೇ ಸಿಂಗಾರ ಮಾಡಿಸಿದ್ದನಲ್ಲ! ಅವಳ ಕಾಲನ್ನು ಕತ್ತರಿಸಲು ಅವಳಿಂದಲೇ ಕತ್ತಿ ಮಸೆಸಿದ ಹಾಗೆ. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ತನ್ನ ಮೇಲೆ. ಒಂದು ಬಾಟಲಿಗೆ ಕರಗಿ, ಅವತ್ತು ರಾತ್ರಿ ಅವನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿಟ್ಟಿದ್ದಳು, ಪೆದ್ದಿ.

"ಸಂಜೆ ನಿಂದೊಂದು ಸಹಿ ಬೇಕು," ಎಂದ ಗಂಡ, ಕುಡಿಯಲು ನೀರು ಕೇಳುವಷ್ಟು ಸಲೀಸಾಗಿ. "ಕಾರು ನಿನ್ನ ಹೆಸರಲ್ಲಿದೆಯಲ್ಲ. ಬೇಗ ಮುಗಿಸಿ ಮುಖ ತೊಳ್ಕೋ."

ಗಂಟಲವರೆಗೆ ಬಂದ ಬೈಗುಳವನ್ನು ಅವಳು ನುಂಗಿಕೊಂಡಳು. ಬೈದರೆ ಗಂಟೆಗಟ್ಟಲೆ ಸಮಾಧಾನ ಮಾಡುತ್ತಾರೆ, ಕಡೆಗೆ ಪೆನ್ನು ಕೈಗಿಡುತ್ತಾರೆ. ಅವಳಿಗೆ ಗೊತ್ತಿಲ್ಲವೇ?

ಇಬ್ಬರೂ ಒಳಗೆ ಹೋದರು. ಅವಳು ಬಂಪರನ್ನು ಒಣಬಟ್ಟೆಯಿಂದ ಒರೆಸಿ, ಬಣ್ಣದ ಅಂಚಿಗೆ ಕಾಗದದ ಟೇಪು ಅಂಟಿಸಿ, ಒಂದು ಕೋಟು ಹಚ್ಚಿದಳು. ಒಂದು ಕೋಟು ಹಚ್ಚಿದರೆ ಆರು ತಿಂಗಳು, ಎರಡು ಹಚ್ಚಿದರೆ ಎರಡು ವರ್ಷ ಎಂದು ಬಾಟಲಿಯ ಮೇಲೆ ಬರೆದಿತ್ತು. ಎರಡನೆಯದು ಗಟ್ಟಿಯಾಗಲು ಒಂದು ರಾತ್ರಿ ಬೇಕು. ನಾಳೆ ಐದೂವರೆಗೆ ಸರಿಹೋಗುತ್ತದೆ.

"ಏಯ್, ಪೆನ್ನು ಎಲ್ಲಿಟ್ಟಿದ್ದೀಯ?" ಗಂಡ ಒಳಗಿಂದ ಕೂಗಿದ.

"ಟಿವಿ ಕೆಳಗಿನ ಡ್ರಾಯರಲ್ಲಿ ನೋಡಿ," ಎಂದಳು.

ಸಹಿಯನ್ನಂತೂ ಅವಳು ಹಾಕುವುದಿಲ್ಲ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಎರಡನೇ ಕೋಟು ಶುರುಮಾಡಿದಳು.