ಎಣ್ಣೆ ಬಟ್ಟೆಯ ಹೊತ್ತು

ನನ್ನ ಹೊಟ್ಟೆಯ ಮೇಲೆ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆ ಇರುವಷ್ಟು ಹೊತ್ತು ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಮದುವೆಯಾದ ಮೇಲೆ ನಾನು ಸಂಪಾದಿಸಿದ ಸ್ವಂತ ಆಸ್ತಿ ಎಂದರೆ ಅದೊಂದು ಗಂಟೆ. ಅದಕ್ಕೂ ಕೈ ಹಾಕಲು ಬಂದರೆ ನಾನು ಸುಮ್ಮನಿರುತ್ತೇನೆಯೇ?

ನಾನು ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ತೊಳೆದ ಹಾಸುಬಟ್ಟೆಗಳನ್ನು ಯಂತ್ರದಿಂದ ಎಳೆದು, ಕೊಡವಿ, ತುದಿ ಹಿಡಿದು ಇಸ್ತ್ರಿ ಮಾಡುವ ಬಿಸಿ ಉರುಳೆಗೆ ಕೊಡುವುದು ನನ್ನ ಕೆಲಸ. ಒದ್ದೆ ಹಾಸುಬಟ್ಟೆ ಎಷ್ಟು ಭಾರ ಎಂದು ಅದರ ಮೇಲೆ ಹೊರಳಾಡುವವರಿಗೆ ಎಲ್ಲಿ ಗೊತ್ತಾಗಬೇಕು? ಹೋದ ವರ್ಷ ಸೊಂಟ, ಕಿಬ್ಬೊಟ್ಟೆ ಎರಡೂ ಹಿಡಿದುಕೊಂಡವು. ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ ನೋಡಿ, "ಗಾಬರಿಯಾಗೋವಂಥದ್ದೇನಿಲ್ಲ. ದಿನಾ ಸಂಜೆ ಸ್ವಲ್ಪ ಹೊತ್ತು ಕಾಲು ಚಾಚಿ ಮಲಗಿ. ಅದೇ ಔಷಧಿ" ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮನೆಗೆ ಬಂದು ಮಲಗಿದೆ. ನಮ್ಮ ಯಜಮಾನರು, "ಮಲಕ್ಕೋ, ಮಲಕ್ಕೋ, ಡಾಕ್ಟರು ಹೇಳಿದ್ದಾರಲ್ಲ" ಎಂದವರು ಅದೇ ಉಸಿರಿನಲ್ಲಿ, "ಅಂದ ಹಾಗೆ ನನ್ನ ನೀಲಿ ಅಂಗಿ ಎಲ್ಲಿ?" ಎಂದರು. ಅತ್ತೆಗೆ ಕನ್ನಡಕ ಬೇಕಾಯಿತು. ಮೈದುನನಿಗೆ ಟೀ ಬೇಕಾಯಿತು. ಯಾರೂ ಗದರಲಿಲ್ಲ, ಎಲ್ಲರೂ ಬೆಣ್ಣೆಯಂಥ ದನಿಯಲ್ಲೇ ಕೇಳಿದರು. ದನಿ ಬೆಣ್ಣೆಯಾದರೇನು, ಏಳಬೇಕಾದವಳು ನಾನೇ.

ಲಾಂಡ್ರಿಯಲ್ಲಿ ಬಟ್ಟೆ ಮಡಿಚುವ ಅಕ್ಕನೊಬ್ಬಳಿದ್ದಾಳೆ. ಸೀನಿದವರಿಗೆಲ್ಲ ಮದ್ದು ಹೇಳುವುದರಿಂದ ಅವಳಿಗೆ ಕಷಾಯದಕ್ಕ ಎಂದೇ ಹೆಸರು. ಅವಳು ನನ್ನನ್ನು ಮೂಲೆಗೆ ಕರೆದು ಹೇಳಿದಳು: "ಹರಳೆಣ್ಣೆ ಪಟ್ಟು ಹಾಕ್ಕೋ. ದಪ್ಪ ಬಟ್ಟೆ ಮಡಿಕೆ ಮಾಡಿ ಎಣ್ಣೇಲಿ ನೆನೆಸು. ಹೊಟ್ಟೆ ಮೇಲೆ ಹರಡು. ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಿಸಿನೀರಿನ ಚೀಲ. ಒಂದು ಗಂಟೆ ಮಿಸುಕಾಡಬಾರದು. ಎದ್ದೆಯೋ, ಮನೆಯೆಲ್ಲಾ ಎಣ್ಣೆ!"

ಕೊನೆಯ ಮಾತು ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು.

ಅವತ್ತೇ ಸಂಜೆ ಹಿಂದಿನ ಸಾಮಾನಿನ ಕೋಣೆಯಲ್ಲಿ ಹಳೇ ಚಾಪೆ ಹಾಸಿ, ಪಟ್ಟು ಹಾಕಿಕೊಂಡು ಮಲಗಿದೆ. ಯಜಮಾನರು ಬಾಗಿಲಲ್ಲಿ ತಲೆ ಹಾಕಿ, "ಒಂಚೂರು ಬಂದು..." ಎಂದರು. ನಾನು ಎಣ್ಣೆ ಮೆತ್ತಿದ ಕೈ ಎತ್ತಿ ತೋರಿಸಿದೆ. ಹರಳೆಣ್ಣೆ ಬೇರೆ ಎಣ್ಣೆಗಳ ಹಾಗಲ್ಲ, ಅಂಟು ಅಂದರೆ ಅಂಟು. ಚಿಲಕಕ್ಕೆ ತಗುಲಿದರೆ ಹಿಡಿದವರ ಕೈಯೆಲ್ಲ ಅದೇ. ಅತ್ತೆ ಹಿಂದಿನಿಂದ ಕೂಗಿದರು: "ಎಬ್ಬಿಸಬೇಡ್ವೋ ಮಾರಾಯ, ಹೊಸಾ ಟೈಲ್ಸು!"

ಸೊಸೆಯ ಸೊಂಟಕ್ಕೆ ಸಿಗದ ಮರ್ಯಾದೆ ನೆಲಕ್ಕೆ ಸಿಕ್ಕಿತು. ಸಿಕ್ಕಿದ್ದು ಹೇಗಾದರೇನು, ಸಿಕ್ಕಿತಲ್ಲ! ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ದಡ್ಡಿ ನಾನಲ್ಲ. ಮರುದಿನದಿಂದ ನನ್ನದೇ ಒಂದು ಪಥ್ಯ ಸೇರಿಸಿದೆ. ಪಟ್ಟು ಹಾಕಿಕೊಂಡವಳನ್ನು ಮಾತಾಡಿಸಬಾರದು. ಕರೆದರೆ ನರ ಬಿಗಿದುಕೊಂಡು ಎಣ್ಣೆ ಒಳಗೆ ಇಳಿಯುವುದಿಲ್ಲ. ಇದನ್ನು ರೆಪ್ಪೆ ಬಡಿಯದೆ ಹೇಳಿದೆ. ಅತ್ತೆಯವರಂತೂ ಎಷ್ಟು ನಂಬಿದರೆಂದರೆ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಂದವರನ್ನೆಲ್ಲ "ಶ್! ನರ!" ಎಂದು ಅಟ್ಟುತ್ತಿದ್ದರು.

ಆ ಗಂಟೆಯಲ್ಲಿ ನಾನೇನೂ ಮಾಡುತ್ತಿರಲಿಲ್ಲ. ಸೂರು ನೋಡುತ್ತಿದ್ದೆ. ನಲ್ಲಿ ಸುರಿಯುವುದು, ಪಾತ್ರೆ ಬೀಳುವುದು, ಸಕ್ಕರೆ ಡಬ್ಬಿ ಹುಡುಕುವುದು ಎಲ್ಲ ಪಕ್ಕದ ಮನೆಯ ಸದ್ದಿನ ಹಾಗೆ ಕೇಳಿಸುತ್ತಿತ್ತು. ಎಂಥ ಸುಖ ಅಂತೀರಿ! ಸೊಂಟದ ನೋವೂ ಇಳಿಯತೊಡಗಿತು. ಎಣ್ಣೆಯಿಂದಲೋ, ಬಿಸಿಯಿಂದಲೋ, ಮಲಗಿದ್ದರಿಂದಲೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕೆಂದೂ ಅನ್ನಿಸಲಿಲ್ಲ.

ಗೊತ್ತು ಮಾಡಿಕೊಟ್ಟವಳು ನನ್ನ ಮಗಳೇ. ಅವಳು ಫಾರ್ಮಸಿ ಓದುತ್ತಿದ್ದಾಳೆ, ಸುಳ್ಳು ಅವಳ ಜಾಯಮಾನದಲ್ಲೇ ಇಲ್ಲ. ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಜ್ಜಿ ಹರಳೆಣ್ಣೆಯ ಗುಣಗಾನ ಶುರು ಮಾಡಿದರು. ಇವಳು ತಡೆಯಲಾರದೆ, "ಅಜ್ಜೀ, ಮೇಲೆ ಹಚ್ಚಿದ ಎಣ್ಣೆ ಹೊಟ್ಟೆ ಒಳಗೆ ಹೋಗಿ ನೋವು ತೆಗೆಯುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಏನೂ ಇಲ್ಲ. ಅಮ್ಮಂಗೆ ಹಿತ ಆಗ್ತಿರೋದು ಬಿಸಿಯಿಂದ, ಮಲಗೋದರಿಂದ" ಎಂದಳು.

ಸರಿಯಾಗಿಯೇ ಹೇಳಿದಳು. ಆದರೆ ನಮ್ಮ ಮನೆಯವರ ಕಿವಿ ವಿಚಿತ್ರ. ಎರಡು ಹೇಳಿದರೆ ಬೇಕಾದ ಒಂದನ್ನು ಮಾತ್ರ ಹಿಡಿದುಕೊಳ್ಳುತ್ತದೆ.

"ಹಂಗಾದ್ರೆ ಬಿಸಿ ಇದ್ದರೆ ಸಾಕಾ?" ಎಂದರು ಯಜಮಾನರು. ಅವರ ಕಣ್ಣು ಮಿಂಚಿದ್ದು ನೋಡಿ ನಾನು ತುತ್ತನ್ನು ತಟ್ಟೆಗೇ ಇಳಿಸಿದೆ.

ಅವರದು ಬೀಗ ರಿಪೇರಿ ಅಂಗಡಿ. ಕೈಗೆ ಏನು ಸಿಕ್ಕರೂ ಅದಕ್ಕೊಂದು ಕೊಂಡಿ, ಒಂದು ತಿರುಪು ಹಾಕದಿದ್ದರೆ ನಿದ್ದೆ ಬರದ ಜೀವ. ಮಾರನೇ ಸಂಜೆ ಒಂದು ಪೊಟ್ಟಣ ಹಿಡಿದು ಬಂದರು. ಬಿಚ್ಚಿ ನೋಡಿದರೆ ಅಗಲದ ಚರ್ಮದ ಪಟ್ಟಿ. ಬಿಸಿನೀರಿನ ಚೀಲ ಕೂರಲು ಜೇಬು, ಬಿಗಿ ಮಾಡಲು ಬಕಲು, ಭುಜಕ್ಕೆ ಹಾಕಿಕೊಳ್ಳಲು ಲಾಡಿ. ಹೊಲಿಗೆ ಅಚ್ಚುಕಟ್ಟಾಗಿತ್ತು, ಸುಳ್ಳು ಹೇಳಬಾರದು.

"ನಿನಗೋಸ್ಕರ ಮಾಡಿದ್ದು. ಇದನ್ನ ಕಟ್ಟಿಕೊಂಡ್ರೆ ಮಲಗೋದೇ ಬೇಡ! ಅಡುಗೆ ಮಾಡ್ತಾನೇ ಬಿಸಿ ತಗೋಬಹುದು" ಎಂದು ಹಿಗ್ಗಿದರು. ಮೈದುನ ಶಹಬ್ಬಾಸ್ ಎಂದ. ಅತ್ತೆ, "ಎಣ್ಣೆ ಖರ್ಚೂ ಉಳೀತು" ಎಂದರು.

ಏನು ಹೇಳಲಿ? ಅವರ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ಕೆಟ್ಟವರಾಗಿದ್ದರೆ ಜಗಳ ಆಡಿ ಗೆಲ್ಲಬಹುದಿತ್ತು. ಇವರು ಪ್ರೀತಿಯಿಂದಲೇ ನನ್ನನ್ನು ಮತ್ತೆ ಒಲೆಯ ಮುಂದೆ ನಿಲ್ಲಿಸುತ್ತಿದ್ದರು.

ಕಟ್ಟಿಕೊಂಡೆ. ಹೌದು, ಕಟ್ಟಿಕೊಂಡು ಒಲೆಯ ಮುಂದೆ ನಿಂತೆ. ಬಗ್ಗಿದರೆ ಚೀಲ ಗುಳುಗುಳು ಎನ್ನುತ್ತಿತ್ತು. ಮೈದುನ, "ಅತ್ತಿಗೆ, ಹೇಗಿದೆ?" ಎಂದು ಕೇಳಿದ. ಅವನ ಹಿಂದೆಯೇ ಯಜಮಾನರು, "ನೋಡು, ಈಗ ನೀಲಿ ಅಂಗೀನೂ ಇಸ್ತ್ರಿ ಮಾಡಬಹುದು!" ಎಂದರು. ತಮಾಷೆಗಲ್ಲ, ಮನಸಾರೆ ಹೇಳಿದರು.

ನಾನು ಒಲೆ ಆರಿಸಿದೆ. ಬಕಲು ಬಿಚ್ಚಿದೆ. ಎರಡು ಹೆಜ್ಜೆ ಮುಂದೆ ಬಂದು ಆ ಪಟ್ಟಿಯನ್ನು ಅವರ ಸೊಂಟಕ್ಕೇ ಸುತ್ತಿ ಬಿಗಿದೆ. ಪಾಪ, ಕೈ ಮೇಲೆತ್ತಿ ಅಳತೆ ಕೊಡುವವರ ಹಾಗೆ ನಿಂತುಬಿಟ್ಟರು.

"ಚೆನ್ನಾಗಿ ಮಾಡಿದ್ದೀರಿ. ಹೆಚ್ಚೋದು, ಬೇಯಿಸೋದು ಎಲ್ಲಾ ಆರಾಮಾಗಿ ಆಗುತ್ತೆ. ಮಾಡಿ ನೋಡಿ."

ಆಮೇಲೆ ಸಾಮಾನಿನ ಕೋಣೆಗೆ ಹೋಗಲಿಲ್ಲ. ಅಲ್ಲಿಗೆ ಹೋಗುತ್ತಿದ್ದದ್ದು ಎಣ್ಣೆಯ ಕಾರಣಕ್ಕೆ. ಈಗ ಎಣ್ಣೆಯೇ ಇಲ್ಲವೆಂದ ಮೇಲೆ ಕದ್ದು ಮಲಗುವುದೇಕೆ? ನೇರ ನಡುಮನೆಗೆ ಹೋದೆ. ಟೀವಿ ಎದುರಿಗಿನ ದಿವಾನದ ಮೇಲೆ ಮೈದುನನ ಹೆಲ್ಮೆಟ್ಟು, ಪೇಪರು ಇದ್ದವು. ಅವನ್ನು ಕೆಳಗಿಟ್ಟು ಕಾಲು ಚಾಚಿ ಮಲಗಿದೆ. ಎಣ್ಣೆ ಇದ್ದಾಗ ನನಗೆ ಇಷ್ಟು ಭಯವಾಗಿರಲಿಲ್ಲ.

ಎಲ್ಲರೂ ಬಂದು ಸುತ್ತ ನಿಂತರು. ಅತ್ತೆ ಹಣೆ ಮುಟ್ಟಿ ನೋಡಿದರು. "ತುಂಬಾ ನೋವೇನೇ?"

ಆಗ ಹೌದು ಎಂದುಬಿಟ್ಟಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ನುಂಗಿದೆ.

"ಇಲ್ಲ. ಇವತ್ತು ಸ್ವಲ್ಪವೂ ನೋವಿಲ್ಲ."

"ಮತ್ತೆ?" ಎಂದರು ಯಜಮಾನರು, ಸೊಂಟದಲ್ಲಿ ಚೀಲ ಗುಳುಗುಳಿಸುತ್ತಾ. "ನೋವಿಲ್ಲ, ಎಣ್ಣೆ ಇಲ್ಲ. ಮತ್ಯಾಕೆ ಮಲಗಿದ್ದೀಯ?"

"ಮಲಗಬೇಕು ಅನ್ನಿಸಿತು, ಮಲಗಿದ್ದೀನಿ. ನಾಳೆನೂ ಮಲಗ್ತೀನಿ. ನೋವಿದ್ದರೂ ಮಲಗ್ತೀನಿ, ಇಲ್ಲದಿದ್ದರೂ ಮಲಗ್ತೀನಿ."

ಮೈದುನ ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ಹೆಲ್ಮೆಟ್ಟು ಎತ್ತಿಕೊಂಡ. ಮಗಳು ಮಾತ್ರ, "ಅಪ್ಪಾ, ಬನ್ನಿ, ಅಡುಗೆಮನೆಗೆ ಹೋಗೋಣ" ಎಂದು ಅವರ ತೋಳು ಹಿಡಿದಳು. ಒಳಗೆ ಒಲೆ ಹಚ್ಚಿದ ಸದ್ದು, ಉಪ್ಪು ಎಲ್ಲಿ ಎಂಬ ಪಿಸುಮಾತು, ಅತ್ತೆಯ ಗೊಣಗಾಟ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಏನೋ ತಳ ಹಿಡಿದ ವಾಸನೆ ಬಂತು. ನಾನು ಮಗ್ಗುಲು ಬದಲಿಸಿದೆ.